ಪೂರ್ವಗ್ರಹದತ್ತ ಕ್ಯಾಮೆರಾ ತಿರುಗಿಸಿದವರು

ಅಣ್ಣ, ತಮ್ಮ ಇಬ್ಬರು. ಅವರ ಮನೆಯ ಹಿತ್ತಲಿನಲ್ಲಿದ್ದ ಬಾರ್ಬೆಕ್ಯೂ ಒಲೆ ಢಮಾರ್ ಎಂದು ಸಿಡಿಯುತ್ತದೆ. ಯಾರ ಮನೆಯಲ್ಲಾದರೂ ಆಗಬಹುದಾದ ಅವಘಡ ಅದು. ಆದರೆ ಆ ಇಬ್ಬರು ಮುಸ್ಲಿಮರು. ಅಷ್ಟು ಸಾಕಾಯಿತು, ಅವಘಡ ಹೋಗಿ ಬಾಂಬ್ ಸ್ಫೋಟವಾಯಿತು, ಅಣ್ಣತಮ್ಮಂದಿರು ಶಂಕಿತ ಭಯೋತ್ಪಾದಕರಾದರು.

‘ಬಿಬಿಕ್ಯೂ ಮುಸ್ಲಿಮ್ಸ್’ ಎಂಬ ಕಿರುಚಿತ್ರದ ಕತೆ ಇಷ್ಟೇ. ನೋಡುವವರು ನಗುತ್ತಾರೆ, ನಗುತ್ತಲೇ ತಾವು ಯಾಕೆ ನಗುತ್ತಿದ್ದೇವೆ ಎಂಬುದು ಹೊಳೆದು ಒಂದು ಕ್ಷಣ ಸುಮ್ಮನಾಗುತ್ತಾರೆ. ಇದನ್ನು ತೆಗೆದವರು ಜರ್ಕಾ ನವಾಜ್. ಟೊರೊಂಟೊದ ಒಂಟಾರಿಯೊ ಕಲಾ ಕಾಲೇಜಿನಲ್ಲಿ ನಡೆದ ಬೇಸಿಗೆಯ ಸಿನಿಮಾ ಕಾರ್ಯಾಗಾರಕ್ಕೆ ಸೇರಿ, ಅಲ್ಲಿ ಕಲಿಯುತ್ತ ಕಲಿಯುತ್ತ ಮಾಡಿದ ಮೊದಲ ಚಿತ್ರ ಅದು. 1996ರಲ್ಲಿ ಅದು ಟೊರೊಂಟೊ ಅಂತರರಾಷ್ಟ್ರೀಯ ಚಿತ್ರೋತ್ಸವದ ತೆರೆಗೂ ಏರಿತು.

ಚಿತ್ರದ ಹಿಂದೆ ನಿಜವಾದ ಒಂದು ಸ್ಫೋಟವಿತ್ತು. 1995ರ ಏಪ್ರಿಲ್ 19ರಂದು ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಸರ್ಕಾರಿ ಕಟ್ಟಡವೊಂದರ ಎದುರು ಸ್ಫೋಟಕ ತುಂಬಿದ ಟ್ರಕ್ ಸಿಡಿದು 168 ಮಂದಿ ಸತ್ತರು. ಹೊಗೆ ಆರುವ ಮೊದಲೇ ಟಿ.ವಿ.ಯಲ್ಲಿ ಕುಳಿತ ಪಂಡಿತರು ಬೆರಳು ತೋರಿಸಿದ್ದು ಮಧ್ಯಪ್ರಾಚ್ಯದ ಕಡೆಗೆ. ಸಿಕ್ಕಿಬಿದ್ದವನು ತಿಮೊತಿ ಮೆಕ್‌ವೇ. ಅಮೆರಿಕದಲ್ಲೇ ಹುಟ್ಟಿದ ಬಿಳಿಯ, ಅಮೆರಿಕದ ಸೈನ್ಯದಲ್ಲೇ ಇದ್ದವನು. ನಡುವಿನ ಆ ಒಂದೆರಡು ದಿನಗಳಲ್ಲಿ ಅರಬ್ ಹೆಸರಿನವರು, ಗಡ್ಡ ಬಿಟ್ಟವರು, ತಲೆವಸ್ತ್ರ ತೊಟ್ಟವರು ಅನುಭವಿಸಿದ್ದಕ್ಕೆ ಯಾರೂ ಲೆಕ್ಕ ಕೊಡಲಿಲ್ಲ. ಪಾಕಿಸ್ತಾನ ಮೂಲದ ಕುಟುಂಬದಲ್ಲಿ ಹುಟ್ಟಿ ಟೊರೊಂಟೊದಲ್ಲಿ ಬೆಳೆದ ಜರ್ಕಾಗೆ ಆ ಲೆಕ್ಕ ಬೇಕಾಗಿತ್ತು. ವೈದ್ಯಕೀಯ ಸೀಟು ಸಿಗದೆ ಪತ್ರಿಕೋದ್ಯಮ ಓದಿ, ರೇಡಿಯೊದಲ್ಲಿ ಕೆಲಸ ಮಾಡಿದ್ದ ಅವರು ಈ ಸಲ ವರದಿ ಬರೆಯಲಿಲ್ಲ, ನಗೆಯ ದಾರಿ ಹಿಡಿದರು.

ಮುಸ್ಲಿಮರ ಬಗೆಗಿನ ಪೂರ್ವಗ್ರಹವನ್ನು ಎದುರಿಸಲು ಕ್ಯಾಮೆರಾ ಹಿಡಿದ ವಿದ್ಯಾರ್ಥಿಗಳು, ಕಾಲೇಜು ವಯಸ್ಸಿನ ಹುಡುಗ ಹುಡುಗಿಯರು ಕಳೆದ ಮೂರು ದಶಕಗಳಲ್ಲಿ ಲೋಕದ ಎಲ್ಲ ಕಡೆ ಸಿಗುತ್ತಾರೆ. ಅವರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರಲ್ಲಿ ಕೆಲವರು ನೋಡುಗರ ಮುಂದೆ ನಿಂತು ‘ನಮ್ಮನ್ನು ನಂಬಿ’ ಎಂದು ಕೇಳಿಕೊಂಡರು. ಇನ್ನು ಕೆಲವರು ಕ್ಯಾಮೆರಾವನ್ನು ನೋಡುಗರ ಕಡೆಗೇ ತಿರುಗಿಸಿ, ‘ನೀವು ಅನುಮಾನಪಡುವುದು ಯಾಕೆ?’ ಎಂದು ಕೇಳಿದರು. ಮೊದಲನೆಯದು ಕಣ್ಣಲ್ಲಿ ನೀರು ತರಿಸುತ್ತದೆ. ಎರಡನೆಯದು ಹೆಚ್ಚು ದೂರ ಹೋಗುತ್ತದೆ.

ಮೊದಲ ಬಗೆಗೆ ಉದಾಹರಣೆ ಅದೇ ಟೊರೊಂಟೊದಲ್ಲಿದೆ. 2015ರ ಆರಂಭದಲ್ಲಿ, ಪ್ಯಾರಿಸ್‌ನ ‘ಷಾರ್ಲಿ ಎಬ್ಡೊ’ ಪತ್ರಿಕೆಯ ಕಚೇರಿಯ ಮೇಲೆ ದಾಳಿಯಾದ ಹೊತ್ತಿನಲ್ಲಿ, ಅಲ್ಲಿನ ಯುವ ಮುಸ್ಲಿಮರ ಪುಟ್ಟ ತಂಡವೊಂದು ‘ಬ್ಲೈಂಡ್ ಟ್ರಸ್ಟ್ ಪ್ರಾಜೆಕ್ಟ್’ ಎಂಬ ವಿಡಿಯೊ ಮಾಡಿತು. ಜನ ಓಡಾಡುವ ಬೀದಿಯಲ್ಲಿ ಒಬ್ಬ ತರುಣ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎರಡೂ ಕೈ ಚಾಚಿ ನಿಂತಿದ್ದಾನೆ. ಪಕ್ಕದಲ್ಲಿ ಫಲಕ. ತಾನು ಮುಸ್ಲಿಮ, ತನಗೆ ಭಯೋತ್ಪಾದಕನೆಂಬ ಹಣೆಪಟ್ಟಿ ಹಚ್ಚಿದ್ದಾರೆ, ತಾನು ನಿಮ್ಮನ್ನು ನಂಬುತ್ತೇನೆ, ನೀವು ನಂಬುವುದಾದರೆ ಅಪ್ಪಿಕೊಳ್ಳಿ ಎಂಬುದು ಅದರ ಒಕ್ಕಣೆ. ಮೊದಲು ಯಾರೂ ಹತ್ತಿರ ಸುಳಿಯುವುದಿಲ್ಲ. ಆಮೇಲೆ ಒಬ್ಬರು ಬರುತ್ತಾರೆ, ಇನ್ನೊಬ್ಬರು ಬರುತ್ತಾರೆ. ಅಪ್ಪಿಕೊಂಡವರ ಮುಖ ಅವನಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಈ ವಿಡಿಯೊ ಲಕ್ಷಾಂತರ ಜನರನ್ನು ತಲುಪಿತು. ಅದೇ ವರ್ಷದ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ 130 ಜನರ ಹತ್ಯೆಯಾದಾಗ, ಆ ನಗರದ ರಿಪಬ್ಲಿಕ್ ಚೌಕದಲ್ಲೂ ಒಬ್ಬ ಮುಸ್ಲಿಂ ವ್ಯಕ್ತಿ ಹೀಗೆಯೇ ಕಣ್ಣು ಕಟ್ಟಿಕೊಂಡು ನಿಂತ. ಸಾಲುಗಟ್ಟಿ ಬಂದ ಜನ ಅಳುತ್ತ ಅವನನ್ನು ತಬ್ಬಿಕೊಂಡರು. ಮುಂಬಯಿಯ ಬೀದಿಯಲ್ಲೂ ಇಂಥ ಪ್ರಯೋಗ ನಡೆಯಿತು.

ಆ ಅಪ್ಪುಗೆಗಳು ನಿಜ, ಅವುಗಳ ಹಿಂದಿನ ಒಳ್ಳೆಯತನವೂ ನಿಜ. ಆದರೂ ಆ ದೃಶ್ಯವನ್ನು ಎರಡನೆಯ ಸಲ ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಯಾವ ತಪ್ಪೂ ಮಾಡದ ಒಬ್ಬ ಹುಡುಗ, ತಾನು ಕಂಡೇ ಇರದ ಕೊಲೆಗಾರರ ಪರವಾಗಿ ಬೀದಿಯಲ್ಲಿ ಪರೀಕ್ಷೆಗೆ ನಿಂತಿದ್ದಾನೆ. ಪರೀಕ್ಷಕರು ದಾರಿಹೋಕರು. ಪಾಸಾದರೆ ಅಪ್ಪುಗೆ. ಫೇಲಾದರೆ? ಓಸ್ಲೊ ಮತ್ತು ಉಟೋಯಾ ದ್ವೀಪದಲ್ಲಿ 2011ರಲ್ಲಿ 77 ಜನರನ್ನು ಕೊಂದ ಆಂಡರ್ಸ್ ಬ್ರೇವಿಕ್‌ನ ಪರವಾಗಿ ಹೀಗೆ ಕಣ್ಣು ಕಟ್ಟಿಕೊಂಡು ನಿಲ್ಲಬೇಕೆಂದು ನಾರ್ವೆಯ ಯಾವ ಕ್ರೈಸ್ತ ಹುಡುಗನಿಗೂ ಅನಿಸಿರಲಿಕ್ಕಿಲ್ಲ, ಅನಿಸಬೇಕಾಗಿಯೂ ಇಲ್ಲ.

ಈ ಹೊರೆ ಒಂದೇ ದಿನದಲ್ಲಿ ಮುಸ್ಲಿಂ ಹುಡುಗರ ಹೆಗಲೇರಿದ್ದಲ್ಲ. ಅದರಲ್ಲಿ ಸಿನಿಮಾದ ಪಾಲು ದೊಡ್ಡದು. ಅಮೆರಿಕದ ಪ್ರಾಧ್ಯಾಪಕ ಜಾಕ್ ಶಾಹೀನ್ ವರ್ಷಗಟ್ಟಲೆ ಕೂತು ಒಂಬೈನೂರಕ್ಕೂ ಹೆಚ್ಚು ಹಾಲಿವುಡ್ ಚಿತ್ರಗಳನ್ನು ಜಾಲಾಡಿದರು. ಮೂಕಿ ಚಿತ್ರಗಳ ಕಾಲದಿಂದ ಹಿಡಿದು ಅರಬರನ್ನು ಹೇಗೆ ತೋರಿಸಲಾಗಿದೆ ಎಂಬುದು ಅವರ ಪ್ರಶ್ನೆ. ಅರಬರಿಗೆ ಒಳ್ಳೆಯ ಪಾತ್ರ ಕೊಟ್ಟ ಚಿತ್ರಗಳು ಹನ್ನೆರಡು, ಸಮತೋಲನದಿಂದ ತೋರಿಸಿದವು ಐವತ್ತರ ಆಸುಪಾಸು. ಉಳಿದುವುಗಳಲ್ಲಿ ಕತ್ತಿ ಹಿಡಿದವನು, ಹೆಣ್ಣು ಕದಿಯುವವನು, ಬಾಂಬ್ ಕಟ್ಟಿಕೊಂಡವನು. 2001ರಲ್ಲಿ ಅದು ಪುಸ್ತಕವಾಯಿತು, 2006ರಲ್ಲಿ ಸಾಕ್ಷ್ಯಚಿತ್ರವೂ ಆಯಿತು. ಆಮೇಲೂ ಸ್ಥಿತಿ ಬಹಳ ಬದಲಾಗಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಿಂದ 2019ರವರೆಗಿನ 200 ಜನಪ್ರಿಯ ಚಿತ್ರಗಳನ್ನು ಪರಿಶೀಲಿಸಿದಾಗ, ಮಾತಿರುವ 8,965 ಪಾತ್ರಗಳಲ್ಲಿ ಮುಸ್ಲಿಂ ಪಾತ್ರಗಳು ಶೇ 1.6ರಷ್ಟು ಮಾತ್ರ. ಹತ್ತರಲ್ಲಿ ಒಂಬತ್ತು ಚಿತ್ರಗಳಲ್ಲಿ ಒಬ್ಬರೂ ಇಲ್ಲ.

ತೆರೆಯ ಮೇಲೆ ಕಟ್ಟಿದ ಭಯ ಬೀದಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಎಫ್‌ಬಿಐ ದಾಖಲೆಗಳಿವೆ. ಅಮೆರಿಕದಲ್ಲಿ ಮುಸ್ಲಿಮರ ವಿರುದ್ಧದ ದ್ವೇಷಾಪರಾಧದ ಪ್ರಕರಣಗಳು 2000ದಲ್ಲಿ 28. ಅವಳಿ ಗೋಪುರಗಳು ಬಿದ್ದ 2001ರಲ್ಲಿ 481. ಪೊಲೀಸರವರೆಗೆ ಹೋದವು ಮಾತ್ರ ಈ ಲೆಕ್ಕದಲ್ಲಿವೆ.

ಅಂಥ ಕಾಲದಲ್ಲಿ ಬೆಳೆದವರು ಲೀನಾ ಖಾನ್. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಜನರ ಬಾಯಲ್ಲಿ ಯುಸಿಎಲ್‌ಎ, ಸಿನಿಮಾ ಶಾಲೆಯಲ್ಲಿ ಕಲಿತವರು. 2007ರ ಡಿಸೆಂಬರ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ ಮುಸ್ಲಿಮರಿಗೆ ಒಂದೇ ಪ್ರಶ್ನೆ ಹೋಯಿತು: ಲೋಕಕ್ಕೆ ನೀವು ಏನಾದರೂ ಹೇಳುವುದಿದ್ದರೆ ಏನು ಹೇಳುತ್ತೀರಿ? ಬಂದ ಉತ್ತರಗಳಲ್ಲಿ ಕೆಲವನ್ನು ಆಯ್ದು ರಟ್ಟಿನ ಮೇಲೆ, ಹಾಳೆಯ ಮೇಲೆ ಬರೆಸಿ, ಒಬ್ಬೊಬ್ಬರ ಕೈಗೆ ಕೊಟ್ಟು ಚಿತ್ರೀಕರಿಸಿದ್ದೇ ‘ಎ ಲ್ಯಾಂಡ್ ಕಾಲ್ಡ್ ಪ್ಯಾರಡೈಸ್’ ಎಂಬ ಮ್ಯೂಸಿಕ್ ವಿಡಿಯೊ. ಹಿನ್ನೆಲೆಯ ಹಾಡು ಕರೀಂ ಸಲಾಮಾ ಅವರದು. ಈಜಿಪ್ಟ್ ಮೂಲದ ದಂಪತಿಯ ಮಗ, ಹುಟ್ಟಿದ್ದು ಒಕ್ಲಹೋಮದಲ್ಲಿ, ಓದಿದ್ದು ರಾಸಾಯನಿಕ ಎಂಜಿನಿಯರಿಂಗ್ ಮತ್ತು ಕಾನೂನು, ಹಾಡುವುದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಶೈಲಿಯಲ್ಲಿ. ಮುಸ್ಲಿಮರೆಂದರೆ ಹೀಗೆಯೇ ಇರಬೇಕು ಎಂದುಕೊಂಡವರಿಗೆ ಆ ದನಿಯೇ ಮೊದಲ ಅಚ್ಚರಿ.

ಫಲಕಗಳ ಮಾತು ಎಲ್ಲವೂ ಒಂದೇ ಜಾಡಿನಲ್ಲಿಲ್ಲ. ಕೆಲವು ಗಂಭೀರ, ಕೆಲವು ತುಂಟ. ಬ್ರೊಕೊಲಿ ತಿನ್ನುವುದೇ ತನ್ನ ಪಾಲಿನ ಜಿಹಾದ್ ಎಂದು ಒಂದು ಫಲಕ ಹೇಳುತ್ತದೆ. ತರಕಾರಿ ತಿನ್ನಲು ಹಟ ಮಾಡುವ ಮಕ್ಕಳಿರುವ ಯಾವ ಮನೆಯವರಿಗಾದರೂ ಅರ್ಥವಾಗುವ ಮಾತು. ಸುದ್ದಿವಾಚಕರ ಬಾಯಲ್ಲಿ ಬೆವರು ಹುಟ್ಟಿಸುತ್ತಿದ್ದ ಪದ ಅಡುಗೆಮನೆಗೆ ಬಂದು ಕೂತದ್ದು ಹೀಗೆ. ಯಾರೂ ಇಲ್ಲಿ ಕೈಮುಗಿದು ಕ್ಷಮೆ ಕೇಳುತ್ತಿಲ್ಲ. ತಮ್ಮ ಪಾಡಿಗೆ ತಾವು ಬದುಕುತ್ತಿರುವವರು ಒಂದು ನಿಮಿಷ ನಿಂತು, ಹೇಳಬೇಕಾದ್ದನ್ನು ಹೇಳಿ ಹೋಗುತ್ತಾರೆ. ಅಮೆರಿಕದ ಲಿಂಕ್ ಟಿ.ವಿ. ನಡೆಸಿದ ‘ಒನ್ ನೇಷನ್, ಮೆನಿ ವಾಯ್ಸಸ್’ ಸ್ಪರ್ಧೆಯಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಲೀನಾ ಮುಂದೆ ಭಾರತದ ಹಳ್ಳಿಯಿಂದ 1979ರ ಷಿಕಾಗೊಗೆ ಹೋದ ತರುಣ ಎಂಜಿನಿಯರ್‌ನ ಕತೆಯಾದ ‘ದಿ ಟೈಗರ್ ಹಂಟರ್’ ನಿರ್ದೇಶಿಸಿದರು. 2021ರಲ್ಲಿ ಡಿಸ್ನಿಗಾಗಿ ‘ಫ್ಲೋರಾ ಅಂಡ್ ಯುಲಿಸಿಸ್’ ಮಾಡಿದರು.

ಜರ್ಕಾ ನವಾಜ್ ಅವರ ಕತೆಯೂ ಇಷ್ಟರಲ್ಲಿ ಬಹಳ ಮುಂದೆ ಸಾಗಿತ್ತು. ಕಾರ್ಯಾಗಾರದಲ್ಲಿ ಹುಟ್ಟಿದ ಆ ನಗೆ 2007ರ ಜನವರಿ 9ರಂದು ಕೆನಡಾದ ಸರ್ಕಾರಿ ವಾಹಿನಿ ಸಿಬಿಸಿಯಲ್ಲಿ ‘ಲಿಟಲ್ ಮಾಸ್ಕ್ ಆನ್ ದಿ ಪ್ರೇರಿ’ ಎಂಬ ಹಾಸ್ಯ ಧಾರಾವಾಹಿಯಾಗಿ ಶುರುವಾಯಿತು. ಮೊದಲ ಕಂತನ್ನೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಕೆನಡಾದ ಜನಸಂಖ್ಯೆಗೆ ಅದು ಭಾರಿ ಸಂಖ್ಯೆ.

ಆ ಕಂತಿನ ಒಂದು ದೃಶ್ಯ ಹೀಗಿದೆ. ಅಮಾರ್ ಎಂಬ ತರುಣ ವಕೀಲಿಕೆ ಬಿಟ್ಟು ಹಳ್ಳಿಗಾಡಿನ ಮಸೀದಿಯೊಂದಕ್ಕೆ ಇಮಾಮನಾಗಿ ಹೊರಟಿದ್ದಾನೆ. ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದಾನೆ. ಮಗ ಹೀಗೆ ಕೆಲಸ ಬಿಡುವುದೆಂದರೆ ವೃತ್ತಿಯ ಆತ್ಮಹತ್ಯೆ ಎಂಬುದು ಅಪ್ಪನ ಅಭಿಪ್ರಾಯ. ಇದು ಅಲ್ಲಾಹನ ಇಚ್ಛೆ ಎಂಬುದು ಮಗನ ಉತ್ತರ. ಹಿಂದೆ ನಿಂತ ಹೆಂಗಸಿನ ಕಿವಿಗೆ ಬೀಳುವುದು ‘ಆತ್ಮಹತ್ಯೆ’, ‘ಅಲ್ಲಾಹ್’ ಎಂಬ ಪದಗಳು ಮಾತ್ರ. ಮರುಕ್ಷಣ ಪೊಲೀಸರು ಅವನ ತೋಳು ಹಿಡಿದಿರುತ್ತಾರೆ. ಇಲ್ಲಿ ಅಮಾರ್ ಒಳ್ಳೆಯವನೆಂದು ಸಾಬೀತು ಮಾಡುವ ಗೋಜಿಗೆ ನಿರ್ದೇಶಕರು ಹೋಗುವುದಿಲ್ಲ. ನಾವು ನೋಡುವುದು ಆ ಹೆಂಗಸಿನ ಕಿವಿಯನ್ನು. ಅರ್ಧ ಕೇಳಿಸಿಕೊಂಡು ಪೂರ್ತಿ ತೀರ್ಮಾನಕ್ಕೆ ಬರುವ ಕಿವಿ ಅದು.

ಧಾರಾವಾಹಿಯ ಮರ್ಸಿ ಎಂಬ ಕಲ್ಪಿತ ಊರಿನಲ್ಲಿ ಮಸೀದಿಗೆ ಸ್ವಂತ ಕಟ್ಟಡವಿಲ್ಲ, ಚರ್ಚಿನ ಸಭಾಂಗಣದಲ್ಲಿ ಬಾಡಿಗೆಗಿದೆ. ಆ ಊರಿನ ಮುಸ್ಲಿಮರಲ್ಲಿ ಮಡಿವಂತನಿದ್ದಾನೆ, ಸ್ತ್ರೀವಾದಿ ವೈದ್ಯೆ ಇದ್ದಾಳೆ, ಲಾಭ ನಷ್ಟ ಬಿಟ್ಟು ಬೇರೇನೂ ಯೋಚಿಸದ ಗುತ್ತಿಗೆದಾರನಿದ್ದಾನೆ. ಅವರವರಲ್ಲೇ ಜಗಳ, ಅವರವರಲ್ಲೇ ರಾಜಿ. ಹೊರಗಿನಿಂದ ‘ಅವರು’ ಎಂದು ಒಂದೇ ರಾಶಿಯಾಗಿ ಕಾಣುವ ಜನ ಒಳಗೆ ಹೋದಾಗ ಹತ್ತು ಬಗೆಯವರು. ಆರು ಸೀಸನ್ ಓಡಿದ ಧಾರಾವಾಹಿ 2012ರಲ್ಲಿ ಮುಗಿಯಿತು.

ನೋಡಿ ನಕ್ಕವರ ಮನಸ್ಸು ಬದಲಾಯಿತೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೋಹದ್ ಮುರ್ರಾರ್ ಮತ್ತು ಮಾರ್ಕಸ್ ಬ್ರಾವರ್ ಇದನ್ನು ಪರೀಕ್ಷೆಗೇ ಒಡ್ಡಿದರು. ಮುಸ್ಲಿಮರಲ್ಲದ ಅಮೆರಿಕನ್ನರ ಒಂದು ಗುಂಪಿಗೆ ‘ಲಿಟಲ್ ಮಾಸ್ಕ್’ನ ಆರು ಕಂತುಗಳನ್ನು, ಇನ್ನೊಂದು ಗುಂಪಿಗೆ ‘ಫ್ರೆಂಡ್ಸ್’ನ ಆರು ಕಂತುಗಳನ್ನು ತೋರಿಸಿದರು. ಎರಡೂ ನಗಿಸುವವೇ. ಆದರೆ ಮೊದಲ ಗುಂಪಿನವರಲ್ಲಿ ಮುಸ್ಲಿಮರ ಬಗೆಗಿನ ಪೂರ್ವಗ್ರಹ ಇಳಿದಿತ್ತು, ನಾಲ್ಕು ವಾರ ಬಿಟ್ಟು ಕೇಳಿದಾಗಲೂ ಆ ಇಳಿಕೆ ಹಾಗೆಯೇ ಇತ್ತು. ಇನ್ನೊಂದು ಪ್ರಯೋಗದಲ್ಲಿ ಅವರು ಬಳಸಿದ್ದು ಲೀನಾ ಅವರ ವಿಡಿಯೊದ ಬಗೆಯದೇ, ಮುಸ್ಲಿಮರನ್ನು ನೆರೆಹೊರೆಯವರಂತೆ ತೋರಿಸುವ ನಾಲ್ಕು ನಿಮಿಷದ ಮ್ಯೂಸಿಕ್ ವಿಡಿಯೊ. ಪೂರ್ವಗ್ರಹ ತಗ್ಗಿಸಲು ಮನಶ್ಶಾಸ್ತ್ರಜ್ಞರು ಮೊದಲಿನಿಂದ ಬಳಸುತ್ತಿದ್ದ ಲೇಖನ ಓದಿಸುವ, ಕಲ್ಪಿಸಿಕೊಳ್ಳಲು ಹೇಳುವ ವಿಧಾನಗಳಿಗಿಂತ ಅದು ಚೆನ್ನಾಗಿ ಕೆಲಸ ಮಾಡಿತು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಉಪದೇಶಕ್ಕಿಂತ ಕತೆಗೆ ಬಲ ಹೆಚ್ಚು ಎಂಬುದಕ್ಕೆ ಅಂಕಿಅಂಶದ ಆಧಾರ ಒದಗಿಸಿತು.

ಪೂರ್ವಗ್ರಹದ ಮಾತೇ ಎತ್ತದ ವಿದ್ಯಾರ್ಥಿ ವಿಡಿಯೊ ಒಂದಿದೆ. ಅದನ್ನು ಇಲ್ಲಿ ಬಿಡುವಂತಿಲ್ಲ.

ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ಡಿಯಾ ಬರಕಾತ್ ಎಂಬ ದಂತವೈದ್ಯಕೀಯ ವಿದ್ಯಾರ್ಥಿಯಿದ್ದ. ಸಿರಿಯಾದಿಂದ ಟರ್ಕಿಗೆ ಓಡಿಬಂದ ನಿರಾಶ್ರಿತರ ಮಕ್ಕಳಿಗೆ ಹಲ್ಲಿನ ಚಿಕಿತ್ಸೆ ಕೊಡಲು ತಂಡ ಕಟ್ಟಿಕೊಂಡು ಹೋಗುವ ಯೋಜನೆ ಹಾಕಿದ್ದ. ಅದಕ್ಕೆ 20 ಸಾವಿರ ಡಾಲರ್ ಬೇಕಿತ್ತು. ಕ್ಯಾಮೆರಾದ ಮುಂದೆ ಕೂತು, ಸಹಾಯ ಮಾಡಿ ಎಂದು ಕೇಳುವ ಒಂದು ಸರಳ ವಿಡಿಯೊ ಮಾಡಿ ಹಾಕಿದ. ಅದರಲ್ಲಿ ಧರ್ಮದ ಚರ್ಚೆಯಿಲ್ಲ, ತಾನು ಎಂಥವನು ಎಂಬ ವಿವರಣೆಯಿಲ್ಲ. ಮಕ್ಕಳ ಹಲ್ಲುನೋವಿನ ಮಾತಿದೆ.

2015ರ ಫೆಬ್ರುವರಿ 10ರಂದು ನೆರೆಮನೆಯವನೊಬ್ಬ ಡಿಯಾನ ಮನೆಗೆ ನುಗ್ಗಿ ಅವನನ್ನೂ, ಮದುವೆಯಾಗಿ ಎರಡು ತಿಂಗಳೂ ತುಂಬದ ಅವನ ಹೆಂಡತಿ ಯುಸೋರ್ ಅಬು ಸಲ್ಹಾಳನ್ನೂ, ಆಕೆಯ ತಂಗಿ ರಜಾನ್‌ಳನ್ನೂ ಗುಂಡಿಟ್ಟು ಕೊಂದ. ಡಿಯಾಗೆ 23, ಯುಸೋರ್‌ಗೆ 21, ರಜಾನ್‌ಗೆ 19 ವರ್ಷ. ಪಾರ್ಕಿಂಗ್ ಜಾಗದ ಜಗಳ ಎಂದು ಪೊಲೀಸರು ಮೊದಲು ಹೇಳಿದರು. ತಲೆವಸ್ತ್ರ ತೊಟ್ಟ ಮಗಳನ್ನು ಆತ ಕಂಡರಾಗದೆ ನೋಡುತ್ತಿದ್ದ ಎಂದು ಹುಡುಗಿಯರ ತಂದೆ ಹೇಳಿದರು. ಹಂತಕ 2019ರಲ್ಲಿ ತಪ್ಪೊಪ್ಪಿಕೊಂಡು ಮೂರು ಜೀವಾವಧಿ ಶಿಕ್ಷೆ ಪಡೆದ.

ಸಾವಿನ ಸುದ್ದಿ ಹರಡಿದಾಗ ಜನ ಡಿಯಾನ ಆ ಹಳೆಯ ವಿಡಿಯೊ ಹುಡುಕಿ ನೋಡಿದರು. ನಗುಮುಖದ, ತುಸು ಸಂಕೋಚದ ಆ ಹುಡುಗ ತಾನು ಮಾಡಬೇಕೆಂದಿದ್ದ ಕೆಲಸದ ಬಗ್ಗೆ ಮಾತಾಡುತ್ತಿದ್ದ. 20 ಸಾವಿರ ಡಾಲರ್‌ನ ಗುರಿ ಕೆಲವೇ ವಾರಗಳಲ್ಲಿ ಐದು ಲಕ್ಷ ಡಾಲರ್ ದಾಟಿತು. ಮುಸ್ಲಿಂ ತರುಣ ಎಂದರೆ ಯಾರು ಎಂಬ ಪ್ರಶ್ನೆಗೆ ಅಷ್ಟು ನೇರ ಉತ್ತರವನ್ನು ಯಾವ ಜಾಹೀರಾತು ತಂಡವೂ ಕೊಡಲಾರದಿತ್ತು. ಆ ಉತ್ತರ ಜನರನ್ನು ಮುಟ್ಟಲು ಅವನು ಸಾಯಬೇಕಾಯಿತು ಎಂಬುದನ್ನು ನೆನೆದಾಗ ಕರುಳು ಕಿವುಚಿದಂತಾಗುತ್ತದೆ.

ಈ ಕ್ಷೇತ್ರದಲ್ಲಿ ಎಲ್ಲ ಕೆಲಸವೂ ಇಷ್ಟು ಪ್ರಾಮಾಣಿಕವಲ್ಲ. 2014ರಲ್ಲಿ ನ್ಯೂಯಾರ್ಕ್‌ನ ಇಬ್ಬರು ತರುಣರು ಯೂಟ್ಯೂಬಿನಲ್ಲಿ ‘ಸಾಮಾಜಿಕ ಪ್ರಯೋಗ’ ಒಂದನ್ನು ಹಾಕಿದರು. ಪ್ಯಾಂಟು ಷರಟಿನಲ್ಲಿ ಜಗಳವಾಡಿದಾಗ ಸುಮ್ಮನಿದ್ದ ಪೊಲೀಸ್, ಸಾಂಪ್ರದಾಯಿಕ ನಿಲುವಂಗಿ ತೊಟ್ಟು ಜಗಳವಾಡಿದಾಗ ಅವರನ್ನು ಗೋಡೆಗೆ ಒತ್ತಿ ತಪಾಸಣೆ ಮಾಡುತ್ತಾನೆ. ಕ್ಷಣಮಾತ್ರದಲ್ಲಿ ಎಲ್ಲೆಡೆ ಹರಡಿತು. ಬಳಿಕ ಅದು ನಟನೆ ಎಂದು ಅವರೇ ಒಪ್ಪಿಕೊಳ್ಳಬೇಕಾಯಿತು. ಸಿಟ್ಟಾದವರಲ್ಲಿ ಅಮೆರಿಕದ ಮುಸ್ಲಿಂ ಸಂಘಟನೆಗಳೂ ಇದ್ದವು, ಸಿಟ್ಟಿಗೆ ಕಾರಣವೂ ಸರಿಯಾದದ್ದೇ. ನಿಜವಾಗಿ ತಪಾಸಣೆಗೆ ಸಿಲುಕಿದ ಸಾವಿರಾರು ಜನರ ಮಾತನ್ನು ಒಂದು ಸುಳ್ಳು ವಿಡಿಯೊ ಸಂಶಯಕ್ಕೆ ತಳ್ಳಿತು.

ಸುಳ್ಳು ಹೇಳುವ ಅಗತ್ಯವಾದರೂ ಏನಿತ್ತು? ಅದೇ ನ್ಯೂಯಾರ್ಕ್ ಪೊಲೀಸರು ಕಾಲೇಜುಗಳ ಮುಸ್ಲಿಂ ವಿದ್ಯಾರ್ಥಿ ಸಂಘಗಳ ಮೇಲೆ ಗುಪ್ತವಾಗಿ ಕಣ್ಣಿಟ್ಟಿದ್ದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ದಾಖಲೆ ಸಮೇತ ಹೊರಗೆಳೆದಿತ್ತು. 2008ರಲ್ಲಿ ಸಿಟಿ ಕಾಲೇಜಿನ ಹುಡುಗರು ದೋಣಿ ವಿಹಾರಕ್ಕೆ ಹೋದಾಗ ಅವರ ಜೊತೆ ಮಾರುವೇಷದ ಪೊಲೀಸನೂ ಇದ್ದ. ಅವರು ದಿನಕ್ಕೆ ಎಷ್ಟು ಸಲ ನಮಾಜು ಮಾಡಿದರು ಎಂಬುದೂ ಅವನ ವರದಿಯಲ್ಲಿತ್ತು. ಈ ಸುದ್ದಿ ಹೊರಬಿದ್ದ ಮೇಲೆ, 2012ರಲ್ಲಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಾವು ಯಾರೆಂಬ ಸಾದಾ ವಿವರ ಬರೆದು, ಕೆಳಗೆ ‘ಪೊಲೀಸರನ್ನು ಕರೆಯಿರಿ’ ಎಂಬ ಸಾಲು ಸೇರಿಸಿದ ಹಾಳೆ ಹಿಡಿದು ಫೋಟೊ ತೆಗೆಸಿಕೊಂಡರು. ಯಾವ ನಟನೆಯೂ ಬೇಕಾಗಲಿಲ್ಲ.

ಎರಡನೆಯ ಬಗೆಗೆ, ಅಂದರೆ ಕ್ಯಾಮೆರಾವನ್ನು ನೋಡುಗರ ಕಡೆಗೇ ತಿರುಗಿಸುವುದಕ್ಕೆ, ಇನ್ನೂ ನೇರ ಉದಾಹರಣೆಗಳಿವೆ. 2015ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ‘ಡಿಟ್ ಇಸ್ ನಾರ್ಮಾಲ್’ ಯೂಟ್ಯೂಬ್ ಚಾನೆಲ್‌ನ ಇಬ್ಬರು ಹುಡುಗರು ಬೈಬಲ್‌ಗೆ ಕುರ್‌ಆನ್‌ನ ಹೊದಿಕೆ ಹಾಕಿ ಬೀದಿಗಿಳಿದರು. ಶಿಕ್ಷೆಯ ಬಗ್ಗೆ, ಹೆಂಗಸರ ಬಗ್ಗೆ ಬೈಬಲ್‌ನಲ್ಲಿರುವ ಕಠಿಣ ಸಾಲುಗಳನ್ನು ಓದಿ ಹೇಳಿ ದಾರಿಹೋಕರ ಅಭಿಪ್ರಾಯ ಕೇಳಿದರು. ಎಂಥ ಕ್ರೌರ್ಯ, ಈ ಕಾಲದಲ್ಲೂ ಇದನ್ನು ನಂಬುತ್ತಾರಲ್ಲ ಎಂದು ಜನ ಹುಬ್ಬೇರಿಸಿದರು. ಹೊದಿಕೆ ತೆಗೆದು ತೋರಿಸಿದಾಗ ಅವರ ಮುಖದಲ್ಲಿ ಮೂಡುವುದು ಬೆರಗು, ಆಮೇಲೆ ನಗು. ತಾವು ಕೇಳುವ ಸುದ್ದಿಯೇ ತಮ್ಮ ಕಿವಿಯನ್ನು ಹೀಗೆ ಪಳಗಿಸಿದೆ ಎಂದು ಅಲ್ಲಿಯೇ ಒಪ್ಪಿಕೊಂಡವರಿದ್ದಾರೆ. ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಒಂದು ಧರ್ಮಗ್ರಂಥವನ್ನು ಉಳಿಸಲು ಇನ್ನೊಂದನ್ನು ಹೊಡೆದಂತೆ ಯಾರಾದರೂ ಇದನ್ನು ಓದಿಕೊಳ್ಳಬಹುದು. ಆದರೆ ಹುಡುಗರ ಗುರಿ ಪುಸ್ತಕ ಆಗಿರಲಿಲ್ಲ, ಅದನ್ನು ತೆರೆಯುವ ಮೊದಲೇ ಮುಗಿದಿರುವ ತೀರ್ಪು ಆಗಿತ್ತು.

ಅದೇ ವರ್ಷ ಬರ್ಲಿನ್‌ನಲ್ಲಿ ಮುಸ್ಲಿಂ ಮತ್ತು ಮುಸ್ಲಿಮೇತರ ಗೆಳೆಯರು ಸೇರಿ ‘ಡಾಟೆಲ್‌ಟೇಟರ್’ ಎಂಬ ವಿಡಂಬನೆಯ ಚಾನೆಲ್ ಶುರು ಮಾಡಿದ್ದರು. ಜನಾಂಗೀಯ ದ್ವೇಷ ಪ್ರಾಮಾಣಿಕವಾಗಿ ಮಾತಾಡಿದರೆ ಹೇಗಿರುತ್ತದೆ ಎಂಬ ಅವರ ವಿಡಿಯೊ ಬಹಳ ಓಡಿತು. ಬಾಡಿಗೆ ಮನೆ ನೋಡಲು ಹೋದಾಗ, ಕೆಲಸದ ಸಂದರ್ಶನಕ್ಕೆ ಹೋದಾಗ ಎದುರಿಗಿರುವವರು ನೆಪ ಹೇಳದೆ ಮನಸ್ಸಿನಲ್ಲಿರುವುದನ್ನೇ ಹೇಳಿಬಿಡುತ್ತಾರೆ. ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಎಂಬ ಉತ್ತರ ಕೇಳಿಸಿಕೊಂಡವರಿಗೆ ಆ ಜರ್ಮನ್ ಸಂಭಾಷಣೆಯ ಅನುವಾದ ಬೇಕಾಗುವುದಿಲ್ಲ.

ಹೀಗೆ ಪ್ರಶ್ನೆಯನ್ನು ತಿರುಗಿಸುವುದಕ್ಕೆ ನಿಜಕ್ಕೂ ಬಲವಿದೆಯೇ ಎಂದು ನೋಡಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಮಿಲ್ ಬ್ರೂನೊ. ನೂರ್ ಕ್ತೈಲಿ ಮತ್ತು ಎಮಿಲಿ ಫಾಕ್ ಜೊತೆ ಸೇರಿ ಅವರು ವಿಡಿಯೊಗಳ ಪಂದ್ಯವನ್ನೇ ಏರ್ಪಡಿಸಿದರು. ಮುಸ್ಲಿಮರ ಬಗ್ಗೆ ಸದ್ಭಾವನೆ ಮೂಡಿಸಲು ತಯಾರಾದ ಬೇರೆ ಬೇರೆ ವಿಡಿಯೊಗಳನ್ನು ಬೇರೆ ಬೇರೆ ಜನರಿಗೆ ತೋರಿಸಿ, ಭಯೋತ್ಪಾದಕ ಕೃತ್ಯಕ್ಕೆ ಇಡೀ ಸಮುದಾಯವನ್ನು ಹೊಣೆ ಮಾಡುವ ಮನೋಭಾವ ಯಾವುದರಿಂದ ತಗ್ಗುತ್ತದೆ ಎಂದು ಅಳೆದರು. ಗೆದ್ದದ್ದು ಅಲ್ ಜಜೀರಾದ ಸಂದರ್ಶನವೊಂದರ ತುಣುಕು. ಅದರಲ್ಲಿ ಮುಸ್ಲಿಂ ಮಹಿಳೆಯೊಬ್ಬರು, ಕ್ರೈಸ್ತರ ಹೆಸರಿನಲ್ಲಿ ನಡೆದ ಕೃತ್ಯಗಳಿಗೆ ಎಲ್ಲ ಕ್ರೈಸ್ತರನ್ನು ಯಾರೂ ಹೊಣೆ ಮಾಡುವುದಿಲ್ಲವಲ್ಲ, ನಮ್ಮನ್ನು ಮಾತ್ರ ಯಾಕೆ ಎಂದು ಕೇಳುತ್ತಾರೆ. ಮೃದುವಾದ, ಮನ ಕರಗಿಸುವ ತುಣುಕುಗಳನ್ನು ಹಿಂದಿಕ್ಕಿದ್ದು ಈ ನೇರ ಪ್ರಶ್ನೆ.

ಆ ಪ್ರಶ್ನೆಯನ್ನೇ ಬ್ರೂನೊ ತಂಡ ಪುಟ್ಟ ಚಟುವಟಿಕೆಯಾಗಿ ಮಾಡಿತು. ಬಿಳಿಯರು ನಡೆಸಿದ ಹಿಂಸೆಯ ಉದಾಹರಣೆ ಕೊಟ್ಟು, ಇದಕ್ಕೆ ನಿಮ್ಮವರೆಲ್ಲರ ಹೊಣೆ ಎಷ್ಟು ಎಂದು ಮೊದಲು ಕೇಳುವುದು. ಆಮೇಲೆ ಮುಸ್ಲಿಮರ ಬಗ್ಗೆ ಅದೇ ಪ್ರಶ್ನೆ. ಮೊದಲನೆಯದಕ್ಕೆ ‘ಸೊನ್ನೆ’ ಎಂದು ಬರೆದ ಕೈ ಎರಡನೆಯದರ ಮುಂದೆ ತಡೆಯುತ್ತದೆ. ಸ್ಪೇನ್‌ನಲ್ಲಿ ಇದೇ ಚಟುವಟಿಕೆ ನಡೆಸಿದಾಗ ಅದರ ಪರಿಣಾಮ ಒಂದು ವರ್ಷದ ನಂತರವೂ ಉಳಿದಿತ್ತು ಎಂದು 2020ರಲ್ಲಿ ಪ್ರಕಟವಾಯಿತು. ಕೆಲವೇ ನಿಮಿಷಗಳ ಕೆಲಸಕ್ಕೆ ಒಂದು ವರ್ಷದ ಫಲ. ಅದೇ ವರ್ಷ ಬ್ರೂನೊ ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕರ್ನಾಟಕದ ಕಾಲೇಜಿನ ವಿದ್ಯಾರ್ಥಿಯೊಬ್ಬ ಆ ಪ್ರಶ್ನೆಯನ್ನು ತಾನಾಗಿಯೇ ಕೇಳಿದ್ದಾನೆ. 2022ರ ನವೆಂಬರ್‌ನಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ತರಗತಿಯೊಂದರಲ್ಲಿ ಅಧ್ಯಾಪಕರು ಹುಡುಗನ ಹೆಸರು ಕೇಳಿ, ಮುಂಬಯಿ ದಾಳಿಯ ಕಸಬ್‌ಗೆ ಹೋಲಿಸಿದರು. ಸಹಪಾಠಿಯೊಬ್ಬರ ಮೊಬೈಲ್‌ನಲ್ಲಿ ದಾಖಲಾದ, ಒಂದು ನಿಮಿಷವೂ ಇಲ್ಲದ ಆ ವಿಡಿಯೊವನ್ನು ದೇಶವೆಲ್ಲ ನೋಡಿತು. ಹುಡುಗ ಎದ್ದು ನಿಂತು, ಮುಂಬಯಿ ದಾಳಿ ತಮಾಷೆಯಲ್ಲ, ಈ ದೇಶದಲ್ಲಿ ಮುಸ್ಲಿಮನಾಗಿ ದಿನವೂ ಇದನ್ನು ಎದುರಿಸುವುದು ತಮಾಷೆಯಲ್ಲ ಸರ್ ಎನ್ನುತ್ತಾನೆ. ನೀನು ನನ್ನ ಮಗನ ಹಾಗೆ ಎಂದು ಅಧ್ಯಾಪಕರು ಸಮಾಧಾನಕ್ಕೆ ಬಂದಾಗ, ನಿಮ್ಮ ಮಗನನ್ನು ಹೀಗೆ ಕರೆಯುತ್ತೀರಾ ಎಂದು ಕೇಳುತ್ತಾನೆ. ದನಿ ಏರುವುದಿಲ್ಲ. ‘ಸರ್’ ಎಂಬ ಮರ್ಯಾದೆ ಒಮ್ಮೆಯೂ ತಪ್ಪುವುದಿಲ್ಲ. ಅಧ್ಯಾಪಕರು ಕ್ಷಮೆ ಕೇಳುತ್ತಾರೆ. ಸಂಸ್ಥೆ ಅವರನ್ನು ಪಾಠದಿಂದ ದೂರವಿಟ್ಟು ವಿಚಾರಣೆಗೆ ಆದೇಶಿಸಿತು. ಅಲ್ಲಿ ಸ್ಕ್ರಿಪ್ಟ್ ಇರಲಿಲ್ಲ, ಎಡಿಟಿಂಗ್ ಇರಲಿಲ್ಲ. ಇದ್ದದ್ದು ಒಬ್ಬ ಹುಡುಗನ ಧೈರ್ಯ ಮತ್ತು ಮೊಬೈಲನ್ನು ಎತ್ತಿ ಹಿಡಿದ ಸಹಪಾಠಿಯ ವಿವೇಕ. ಎರಡನೆಯದನ್ನು ನಾವು ಸಾಕಷ್ಟು ಮೆಚ್ಚಿಕೊಂಡಿಲ್ಲ.

ಆ ತರಗತಿಯ ದೃಶ್ಯ ನೋಡಿದ ಕನ್ನಡ ಓದುಗರಿಗೆ ಇನ್ನೊಂದು ತರಗತಿ ನೆನಪಾದರೆ ಆಶ್ಚರ್ಯವಿಲ್ಲ. ಪೂರ್ಣಚಂದ್ರ ತೇಜಸ್ವಿ ಅವರ ‘ಡೇರ್ ಡೆವಿಲ್ ಮುಸ್ತಫಾ’ ಕತೆ ಬಂದದ್ದು 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ. ಹಿಂದೂ ಹುಡುಗರೇ ತುಂಬಿದ ಮಲೆನಾಡಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ. ಅವನ ಬಗ್ಗೆ ಕುತೂಹಲ, ಅಂಜಿಕೆ, ಊಹೆಗಳ ಸರಮಾಲೆ. ತೇಜಸ್ವಿ ಮುಸ್ತಫಾನನ್ನು ಸಂತನನ್ನಾಗಿ ಮಾಡಲಿಲ್ಲ. ನೋಡುವ ಹುಡುಗರ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ತೋರಿಸಿದರು. ಐವತ್ತು ವರ್ಷಗಳ ನಂತರ, ತೇಜಸ್ವಿ ಅವರ ಓದುಗರೇ ಕೈಯಿಂದ ಹಣ ಹಾಕಿ, ಶಶಾಂಕ್ ಸೋಗಾಲ್ ಎಂಬ ಹೊಸ ನಿರ್ದೇಶಕ ಹೊಸ ಹುಡುಗರನ್ನೇ ಕಟ್ಟಿಕೊಂಡು ಅದನ್ನು ಸಿನಿಮಾ ಮಾಡಿದರು. 2023ರ ಮೇ 19ರಂದು ಬಿಡುಗಡೆಯಾದ ಆ ಚಿತ್ರ ಬಾಯಿಮಾತಿನ ಪ್ರಚಾರದಿಂದಲೇ ಜನರನ್ನು ಚಿತ್ರಮಂದಿರಕ್ಕೆ ಎಳೆಯಿತು. ತರಗತಿಯ ಜಗಳ ಕ್ರಿಕೆಟ್ ಮೈದಾನಕ್ಕೆ ಬರುವಷ್ಟರಲ್ಲಿ ಪ್ರೇಕ್ಷಕ ಮುಸ್ತಫಾನ ಪಕ್ಷ ವಹಿಸಿಯಾಗಿರುತ್ತದೆ, ಯಾರೂ ಹಾಗೆ ವಹಿಸು ಎಂದು ಹೇಳದಿದ್ದರೂ.

ನಮ್ಮ ಪತ್ರಿಕೋದ್ಯಮ ವಿಭಾಗಗಳಲ್ಲಿ, ಪದವಿ ಕಾಲೇಜುಗಳಲ್ಲಿ ಪ್ರತಿ ವರ್ಷ ಕಿರುಚಿತ್ರಗಳು ತಯಾರಾಗುತ್ತವೆ. ಒಂದು ಒಳ್ಳೆಯ ಮೊಬೈಲ್, ಮೈಕು, ಎಡಿಟಿಂಗ್ ಗೊತ್ತಿರುವ ಒಬ್ಬ ಗೆಳೆಯ ಇದ್ದರೆ ಸಾಕು. ಈ ವಿಷಯಕ್ಕೆ ಕೈ ಹಾಕುವ ತಂಡ ಕೆಲವು ಸಂಗತಿಗಳನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದ ದಾರಿಹೋಕನ ಮುಖವನ್ನು ಒಪ್ಪಿಗೆಯಿಲ್ಲದೆ ತೋರಿಸಬಾರದು. ಅವಮಾನಗೊಂಡವನು ಯೋಚಿಸುವುದಿಲ್ಲ, ಹಟಕ್ಕೆ ಬೀಳುತ್ತಾನೆ. ನಟನೆಯಾದರೆ ನಟನೆ ಎಂದು ತೆರೆಯ ಮೇಲೆಯೇ ಬರೆಯಬೇಕು. ಮುಸ್ಲಿಂ ಸಹಪಾಠಿಯನ್ನು ‘ನಿಮ್ಮವರ ಬಗ್ಗೆ ಹೇಳು’ ಎಂದು ಕ್ಯಾಮೆರಾದ ಮುಂದೆ ಕೂರಿಸುವ ಮೊದಲು, ಅವಳಿಗೆ ಸಿನಿಮಾ ಮಾಡುವ ಆಸೆ ಇದೆಯೇ, ಕ್ಯಾಮೆರಾ ಹಿಡಿಯುವ ಆಸೆ ಇದೆಯೇ ಎಂದು ಕೇಳಬೇಕು. ವಿಡಿಯೊ ಹೊರಬಂದ ಮೇಲೆ ಬೈಗುಳ ಬೀಳುವುದು ತೆರೆಯ ಮೇಲೆ ಕಂಡವರ ಮೇಲೆಯೇ, ಅದರಲ್ಲೂ ಹುಡುಗಿಯರ ಮೇಲೆ. ಆಗ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ಅಧ್ಯಾಪಕರೂ ಪ್ರಾಂಶುಪಾಲರೂ ಕೂತು ಮಾತಾಡಿರಬೇಕು.

ಮೊದಲ ಕಿರುಚಿತ್ರದ ಬಳಿಕ ಜರ್ಕಾ ನವಾಜ್ ತಮ್ಮವರ ಕಡೆಗೂ ಕ್ಯಾಮೆರಾ ತಿರುಗಿಸಿದ್ದರು. ಉತ್ತರ ಅಮೆರಿಕದ ಮಸೀದಿಗಳಲ್ಲಿ ಹೆಂಗಸರಿಗೆ ಸಿಗುವ ಜಾಗ ಎಂಥದು, ಪರದೆಯ ಹಿಂದೆ ಅವರನ್ನು ಯಾಕೆ ಕೂರಿಸಲಾಗುತ್ತದೆ ಎಂದು ಕೇಳುವ ‘ಮಿ ಅಂಡ್ ದಿ ಮಾಸ್ಕ್’ ಎಂಬ ಅವರ ಸಾಕ್ಷ್ಯಚಿತ್ರ 2005ರಲ್ಲಿ ಬಂತು. ಹೊರಗಿನವರ ಪೂರ್ವಗ್ರಹಕ್ಕೆ ನಕ್ಕು ಉತ್ತರ ಕೊಟ್ಟಿದ್ದ ಅದೇ ಹೆಣ್ಣುಮಗಳು ಒಳಗಿನವರ ಅನ್ಯಾಯಕ್ಕೂ ಅದೇ ಸಲಿಗೆಯಿಂದ ಉತ್ತರ ಕೇಳಿದರು. ‘ಬಿಬಿಕ್ಯೂ ಮುಸ್ಲಿಮ್ಸ್’ ಮತ್ತು ಈ ಸಾಕ್ಷ್ಯಚಿತ್ರ ಎರಡನ್ನೂ ಒಂದೇ ಮಧ್ಯಾಹ್ನ, ಒಂದಾದ ಮೇಲೊಂದರಂತೆ, ನಮ್ಮ ಕಾಲೇಜುಗಳಲ್ಲಿ ತೋರಿಸಬಹುದು. ಆಮೇಲಿನ ಚರ್ಚೆಗೆ ಸಮಯ ಉಳಿಸಿಕೊಳ್ಳಬೇಕು.